ಕನ್ನಡಕ್ಕೆ ಹದಿನೈದು ದಿನ ರಜೆ

ಕಳೆದ ವಾರ ಸೋದರಳಿಯನ ಮಗನ ಜಾವಳಕ್ಕೆಂದು ಇಚಲಕರಂಜಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ನಡೆದು ಬರುವಾಗ, ಹಿಂದೆ ನನ್ನ ಮಗ ಬಾಡಿಗೆಗಿದ್ದ ಗಲ್ಲಿಯ ತಿರುವಿನಲ್ಲಿ ನೂಲಿಗೆ ಹಚ್ಚುವ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಅರ್ಧ ಹಳಸಿದ ಅನ್ನದ್ದು, ಅರ್ಧ ಒದ್ದೆ ಬಟ್ಟೆಯದು ಅನ್ನಿಸುವ ವಾಸನೆ ಅದು. ಎರಡೂ ಬದಿಗೆ ಮಗ್ಗಗಳು ಖಟಾಖಟ್ ಎನ್ನುತ್ತಿದ್ದವು. ಜಾವಳಕ್ಕೆ ತಡವಾಗುತ್ತಿದ್ದರೂ ಆ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಈಗ ಅಲ್ಲಿ ಬೇರೆ ಯಾರೋ ಇದ್ದಾರೆ. ಹೊರಗಿನ ಕಬ್ಬಿಣದ ಮೆಟ್ಟಿಲು ಮಾತ್ರ ಹಾಗೇ ಇದೆ. ಒಂದು ಜೂನ್ ತಿಂಗಳಲ್ಲಿ ನೀರಿನ ಕೊಡ ಹೊತ್ತು ಆ ಮೆಟ್ಟಿಲನ್ನು ನಾನು ಎಷ್ಟು ಸಲ ಹತ್ತಿದ್ದೇನೆಂದರೆ, ಅದರ ಒಂದೊಂದು ಹಂತದ ಗುರುತೂ ನನ್ನ ಮೊಣಕಾಲಿಗೆ ಇದೆ. ಅದೂ ಕನ್ನಡ ಮಾತಾಡಿದ ತಪ್ಪಿಗೆ.

ನಾನು ಮರಾಠಿ ರಾಜ್ಯದ ಗಡಿಯಲ್ಲಿರುವ ಗಡಹಿಂಗ್ಲಜ ತಾಲೂಕಿನ ಕನ್ನಡ ಶಾಲೆಗಳಲ್ಲಿ ಮೂವತ್ನಾಲ್ಕು ವರ್ಷ ಮಾಸ್ತರನಾಗಿದ್ದವನು. ಮಗ ಬಸವರಾಜ ಇಚಲಕರಂಜಿಯ ಒಂದು ಮಗ್ಗದ ಕಾರಖಾನೆಯಲ್ಲಿ ಸುಪರ್‌ವೈಜರ್. ಸೊಸೆ ಸವಿತಾ ದವಾಖಾನೆಯಲ್ಲಿ ನರ್ಸ್. ರೋಗ ಬಂದು ಊರೆಲ್ಲ ಬಾಗಿಲು ಹಾಕಿಕೊಂಡಾಗ ಸವಿತಾಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಮಕ್ಕಳಿಗೆ ಅಂಟೀತು ಎಂದು ಹೆದರಿ, ಆರು ವರ್ಷದ ಓಂಕಾರನನ್ನೂ ನಾಲ್ಕು ವರ್ಷದ ಸ್ವರಾಳನ್ನೂ ಗಡಹಿಂಗ್ಲಜಕ್ಕೆ, ನಮ್ಮ ಹತ್ತಿರ ತಂದು ಬಿಟ್ಟಳು. ಒಂದು ತಿಂಗಳು ಎಂದು ಬಿಟ್ಟದ್ದು ಎರಡು ವರ್ಷವಾಯಿತು.

ಆ ಎರಡು ವರ್ಷ ನನಗೆ ನಿವೃತ್ತಿಯೇ ಮರೆತುಹೋಗಿತ್ತು. ಓಂಕಾರನ ಶಾಲೆ ಫೋನಿನಲ್ಲಿ ನಡೆಯುತ್ತಿತ್ತು. ಆ ಫೋನನ್ನು ಅವನು ನನಗೆ ಮುಟ್ಟಗೊಡುತ್ತಿರಲಿಲ್ಲ. ಸ್ವರಾ ಮಾತ್ರ ಪೂರಾ ನನ್ನ ಕೈಗೆ ಸಿಕ್ಕಳು. ಅ ಆ ಇ ಈ ಮುಗಿಸಿ, ಕಾಗುಣಿತ ಮುಗಿಸಿ, ಒತ್ತಕ್ಷರಕ್ಕೆ ಬಂದೆವು. ಐದು ವರ್ಷ ತುಂಬುವಷ್ಟರಲ್ಲಿ ಆಕೆ ಪೇಪರಿನ ದಪ್ಪ ಅಕ್ಷರ ಓದುತ್ತಿದ್ದಳು. ಮನೆಗೆ ಬಂದವರ ಮುಂದೆಲ್ಲ ಓದಿಸುತ್ತಿದ್ದೆ. ಸವಿತಾ ಫೋನಿನಲ್ಲಿ, "ಮಾಮಾ, ಸ್ವಲ್ಪ ಮರಾಠಿ ಹೇಳಿಕೊಡ್ರಿ. ಇಲ್ಲಿ ಹತ್ರ ಕನ್ನಡ ಶಾಲಿ ಇಲ್ಲ, ಮುಂದ ತ್ರಾಸ ಆಗ್ತೈತಿ," ಎಂದು ಎಷ್ಟೋ ಸಲ ಹೇಳಿದ್ದಳು. "ಆಗ್ಲೆವಾ, ಮರಾಠಿ ಎಲ್ಲಿ ಓಡಿ ಹೋಗ್ತೈತಿ," ಎನ್ನುತ್ತಿದ್ದೆ. ನಮ್ಮ ಮನೆಯಿದ್ದ ಓಣಿಯಲ್ಲಿ ಎಲ್ಲರೂ ಕನ್ನಡದವರೇ. ಮರಾಠಿ ಓಡಿ ಹೋಗಲಿಲ್ಲ, ನಿಜ. ಆದರೆ ನಮ್ಮ ಮನೆಗೂ ಬರಲಿಲ್ಲ.

ಶಾಲೆಗಳು ಸರಿಯಾಗಿ ತೆರೆಯುವ ವರ್ಷ ಬಂತು. ಸ್ವರಾ ಒಂದನೇ ಇಯತ್ತೆ, ಓಂಕಾರ ಮೂರನೇ ಇಯತ್ತೆ. ಜೂನ್ ಮೊದಲ ದಿನವೇ ನಾನೂ ನನ್ನ ಹೆಂಡತಿ ಗಂಗವ್ವನೂ ಮಕ್ಕಳನ್ನು ಕರೆದುಕೊಂಡು ಇಚಲಕರಂಜಿಗೆ ಬಂದೆವು. ಶಾಲೆ ಸುರುವಾಗಿ ಮಕ್ಕಳು ಹೊಂದಿಕೊಳ್ಳುವ ತನಕ ಇದ್ದು ಹೋಗುವುದು ಎಂದು ಠರಾವಾಗಿತ್ತು. ಮಳೆ ಇನ್ನೂ ಬಂದಿರಲಿಲ್ಲ. ಮೋಡ ಕಟ್ಟಿ, ಬೆವರು ಸುರಿಸಿ, ಸಂಜೆಗೆ ಮೋಡ ಹಾಗೇ ಕರಗಿ ಹೋಗುತ್ತಿತ್ತು.

ಬಂದ ಎರಡನೇ ದಿನ ಗಲ್ಲಿಯ ಮರಾಠಿ ಶಾಲೆಯಲ್ಲಿ ಪೂರ್ವತಯಾರಿ ಮೇಳಾವಾ ಇಟ್ಟಿದ್ದರು. ಒಂದನೇ ಇಯತ್ತೆಗೆ ಬರುವ ಮಕ್ಕಳನ್ನು ಕರೆದು, ಅವರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಆಟ ಆಡಿಸುತ್ತ ನೋಡುವ ಕಾರ್ಯಕ್ರಮ. ದೊಡ್ಡವರು ಹಗ್ಗದ ಆಚೆ ನಿಲ್ಲಬೇಕು, ಮಕ್ಕಳಿಗೆ ಹೇಳಿಕೊಡಬಾರದು. ಸ್ವರಾ ಒಂಟಿ ಕಾಲಲ್ಲಿ ಕುಂಟಿದಳು, ಮಣಿ ಪೋಣಿಸಿದಳು, ಕೆಂಪು ಹಸಿರು ಬೇರೆ ಮಾಡಿದಳು. ನಾನು ಪಕ್ಕದಲ್ಲಿದ್ದವರಿಗೆ, "ನನ್ನ ಮೊಮ್ಮಗಳು," ಎಂದು ಮೆಲ್ಲಗೆ ಹೇಳಿಕೊಂಡೆ. ಆಮೇಲೆ ಭಾಷೆಯ ಟೇಬಲ್ಲು ಬಂತು.

ಟೇಬಲ್ಲಿನ ಹಿಂದೆ ಇದ್ದವರು ಎಳೆ ವಯಸ್ಸಿನ ಬಾಯಿ. ಮರಾಠಿಯಲ್ಲಿ ಶಿಕ್ಷಕಿಯನ್ನು ಬಾಯಿ ಎನ್ನುತ್ತಾರೆ. ಪಕ್ಕದ ಕುರ್ಚಿಯಲ್ಲಿ ಮುಖ್ಯಾಧ್ಯಾಪಕರು ಕುಳಿತಿದ್ದರು, ತುಂಬಿದ ಮೈಯ ಮನುಷ್ಯ. ಬಾಯಿ ನಗುತ್ತ, "ನಾಕ ದಾಖವ ಬಾಳ," ಎಂದರು. ಮೂಗು ತೋರಿಸು ಮಗು ಎಂದರ್ಥ. ನಮ್ಮ ಕಡೆ ನಾಕ ಎಂದರೆ ನಾಲ್ಕು. ಸ್ವರಾ ಹೆಮ್ಮೆಯಿಂದ ನಾಲ್ಕು ಬೆರಳು ಎತ್ತಿದಳು. ಬಾಯಿಯವರು ಏನೋ ಬರೆದುಕೊಂಡು, "ಡೋಳೆ ದಾಖವ," ಎಂದರು. ಕಣ್ಣು ತೋರಿಸು ಎಂದು. ನಮ್ಮ ಮನೆಯಲ್ಲಿ ಡೊಳ್ಳ ಎಂದರೆ ಹೊಟ್ಟೆ. ಅದೂ ಸಣ್ಣ ಹೊಟ್ಟೆ ಅಲ್ಲ. ಸ್ವರಾ ತನ್ನ ಹೊಟ್ಟೆ ನೋಡಿಕೊಂಡಳು. ಅದು ಆ ಹೆಸರಿಗೆ ಸಾಲದು ಅನ್ನಿಸಿರಬೇಕು. ಸುತ್ತ ನೋಡಿ, ವಿಚಾರ ಮಾಡಿ, ಮುಖ್ಯಾಧ್ಯಾಪಕರ ಹೊಟ್ಟೆಗೆ ಬೆರಳು ಮಾಡಿ ತೋರಿಸಿದಳು. ಆ ಪುಣ್ಯಾತ್ಮ ಉಸಿರು ಒಳಗೆಳೆದುಕೊಂಡರು.

ಅಷ್ಟು ಹೊತ್ತಿಗೆ ಸವಿತಾ ಡ್ಯೂಟಿಯಿಂದ ಅರ್ಧ ತಾಸು ಪರವಾನಗಿ ತೆಗೆದುಕೊಂಡು, ಓಡುತ್ತಲೇ ಬಂದು ಹಗ್ಗದ ಹತ್ತಿರ ನಿಂತಳು. ಬಾಯಿಯವರ ಕೊನೆಯ ಪ್ರಶ್ನೆ ಆಕೆಯ ಕಿವಿಗೆ ಬಿತ್ತು. "ತುಝ್ಯಾ ಆಯೀಚಂ ನಾವ ಕಾಯ?"

ನಿನ್ನ ತಾಯಿಯ ಹೆಸರೇನು ಎಂದು ಕೇಳಿದ್ದು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನಮ್ಮ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ಸ್ವರಾಗೆ ಆ ಇಡೀ ಬೆಳಗಿನಲ್ಲಿ ಪೂರ್ತಿ ತಿಳಿದ ಪ್ರಶ್ನೆ ಅದೊಂದೇ. ಹಿಂದೆ ತಿರುಗಿ, ನನ್ನ ಹೆಂಡತಿಯ ಕಡೆ ಕೈಮಾಡಿ, "ಗಂಗವ್ವ," ಎಂದಳು. ಬಾಯಿಯವರು ಸವಿತಾಳನ್ನು ತೋರಿಸಿ, ಹಾಗಾದರೆ ಇವರು ಯಾರು ಎಂದು ಕೇಳಿದರು. "ಅವ್ವ," ಎಂದಳು. ಬಾಯಿಯವರು ಅದನ್ನೂ ಒಂದು ಹೆಸರು ಎಂದೇ ತಿಳಿದರು. ಹೀಗೆ ಆ ಕಾರ್ಡಿನಲ್ಲಿ ತಾಯಿ ಗಂಗವ್ವ ಎಂದೂ, ಜೊತೆಗೆ ಬಂದವರು ಅವ್ವಾ ಎಂದೂ ದಾಖಲಾಯಿತು.

ಆಮೇಲೆ ಎಲ್ಲ ತಿಳಿಸಿ ಹೇಳಿದೆವು. ಬಾಯಿಯವರು ನಕ್ಕು, ಕಾರ್ಡು ತಿದ್ದಿದರು. ಒಳ್ಳೆಯ ಹೆಣ್ಣುಮಗಳು. ಆದರೆ ಹುಡುಗಿಗೆ ಒಂದು ಮಾತೂ ತಿಳಿಯುವುದಿಲ್ಲ, ಆರು ತುಂಬಿದ್ದು ಈಗಷ್ಟೇ, ಇನ್ನೊಂದು ವರ್ಷ ಬಾಲವಾಡಿಯಲ್ಲಿ ಕೂಡ್ರಿಸಿದರೆ ಆಕೆಗೇ ಸುಖ ಎಂದರು. ಬೇಕಿದ್ದರೆ ಶಾಲೆ ಸುರುವಾಗುವ ದಿನ ಇನ್ನೊಮ್ಮೆ ಮಾತಾಡಿಸಿ ನೋಡುತ್ತೇನೆ ಎಂದೂ ಹೇಳಿದರು. ಪೇಪರ್ ಓದುವ ನನ್ನ ಮೊಮ್ಮಗಳನ್ನು ಬಾಲವಾಡಿಯಲ್ಲಿ ಚೆಂಡು ಉರುಳಿಸಲು ಕೂಡ್ರಿಸುವುದು. ನನಗೆ ಆ ದಿನ ಊಟ ಸೇರಲಿಲ್ಲ.

ಸವಿತಾ ಅಲ್ಲಿಂದಲೇ ಮತ್ತೆ ಡ್ಯೂಟಿಗೆ ಓಡಿದಳು. ಸಂಜೆ ಮನೆಗೆ ಬಂದವಳು ಕೈಕಾಲು ತೊಳೆದು, ಚಹಾದ ಕಪ್ಪು ನನ್ನ ಮುಂದೆ ಇಟ್ಟು ನಿಂತಳು.

"ಅದು ಶಬ್ದದ ಗಡಬಡ ಅಷ್ಟೇವಾ. ಮನಸ್ಸಿಗೆ ಹಚ್ಕೋಬ್ಯಾಡ," ಎಂದೆ.

"ಗೊತ್ತೈತ್ರಿ ಮಾಮಾ. ಆದ್ರ ಸ್ವರಾ ಹೇಳಿದ್ದು ಖರೇನ ಅಲ್ಲೇನ್ರಿ? ಎರಡ ವರ್ಷ ತಲಿ ಬಾಚಿದವ್ರು ಯಾರು, ಊಟಾ ಮಾಡ್ಸಿದವ್ರು ಯಾರು?" ಎಂದಳು. ಅತ್ತೆಯ ಮೇಲೆ ಸಿಟ್ಟಿರಲಿಲ್ಲ ಆ ಮಾತಿನಲ್ಲಿ.

ರಾತ್ರಿ ಊಟಕ್ಕೆ ಕುಳಿತಾಗ ಆಕೆ ಕಾಯಿದೆ ಹೊರಡಿಸಿದಳು. ನಾಳೆಯಿಂದ ಶಾಲೆ ಸುರುವಾಗುವ ತನಕ ಈ ಮನೆಯಲ್ಲಿ ಕನ್ನಡ ಬಂದ್. ಎಲ್ಲರೂ ಮರಾಠಿಯನ್ನೇ ಆಡಬೇಕು. ಕನ್ನಡದ ಒಂದು ಮಾತು ಬಾಯಿಂದ ಬಂದರೆ ಕೆಳಗಿನ ಪೀಪಾಯಿಯಿಂದ ಒಂದು ಕೊಡ ನೀರು ಮೇಲೆ ತರಬೇಕು. ಮಕ್ಕಳಾದರೆ ಒಂದು ತಂಬಿಗೆ. ಇಚಲಕರಂಜಿಯಲ್ಲಿ ಆಗ ನಳಕ್ಕೆ ನಾಲ್ಕೈದು ದಿನಕ್ಕೊಮ್ಮೆ ನೀರು. ಬಂದದ್ದನ್ನು ಕೆಳಗೆ ಪೀಪಾಯಿ ತುಂಬಿಟ್ಟು ದಿನಾ ಹೊತ್ತು ಹಾಕುವುದು ಹೇಗೂ ಇದ್ದೇ ಇತ್ತು. ಇನ್ನು ಮರಾಠಿಯಲ್ಲಿ ಆಯಿ ಎಂದರೆ ಸವಿತಾ. ಅತ್ತೆಯನ್ನು ಮಕ್ಕಳು ಆಜೀ ಎಂದು ಕರೆಯಬೇಕು.

ಗಂಗವ್ವ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟಳು. "ನನ್ನ ಹೆಸರ ನೀ ಇಟ್ಕೊಂಡು, ನನಗ ಮುದುಕಿ ಹೆಸರ ಕೊಡ್ತಿ ಏನವಾ?"

"ಹದಿನೈದ ದಿನ ಅಷ್ಟರೀ ಅತ್ತಿ."

"ಹದಿನೈದ ದಿನ ಕಡಾ ಕೊಟ್ಟೇನಿ ಅಂತ ತಿಳ್ಕೊಳ್ಳಲಾ?"

"ಹೌದ್ರಿ, ಹಂಗ ತಿಳ್ಕೊರ್ರಿ."

ಗಂಗವ್ವ ತುತ್ತು ಬಾಯಿಗೆ ಹಾಕಿಕೊಂಡಳು. ಮರುದಿನ ಬೆಳಗಿನಿಂದ ಮೂರು ದಿನ ಆಕೆ ಮನೆಯೊಳಗೆ ಒಂದು ಮಾತೂ ಆಡಲಿಲ್ಲ. ಮರಾಠಿ ಆಡಿದರೆ ತಪ್ಪಾಗುತ್ತದೆ, ಕನ್ನಡ ಆಡಿದರೆ ಕೊಡ ಹೊರಬೇಕಾಗುತ್ತದೆ, ಸುಮ್ಮನಿರುವುದಕ್ಕೆ ದಂಡವಿಲ್ಲ ಎಂದು ಲೆಕ್ಕ ಹಾಕಿದ್ದಳು. ನಲವತ್ತು ವರ್ಷದ ಸಂಸಾರದಲ್ಲಿ ಅಂಥ ಮೂರು ದಿನ ನನಗೆ ಸಿಕ್ಕಿದ್ದಿಲ್ಲ. ಮೊದಲ ದಿನ ಹಾಯೆನಿಸಿತು. ಎರಡನೇ ದಿನ ಏನೋ ಕಳೆದುಕೊಂಡಂತೆ ಹುಡುಕಾಡಿದೆ. ಮೂರನೇ ದಿನ ನಾನೇ ಹೋಗಿ, "ಯಾಕ ಸುಮ್ಮನ ಅದಿ, ಆರಾಮ ಇಲ್ಲೇನ?" ಎಂದು ಕೇಳಿ ಒಂದು ಕೊಡ ಹೊತ್ತೆ.

ಒಟ್ಟಿನಲ್ಲಿ ಎಲ್ಲರಿಗಿಂತ ಹೆಚ್ಚು ಕೊಡ ಹೊತ್ತವನು ನಾನೇ. ನನಗೆ ಮರಾಠಿ ಬರುವುದಿಲ್ಲವೆಂದಲ್ಲ. ಪಂಚಾಯತಿಗೆ ಅರ್ಜಿ ಬರೆಯುವ ಮರಾಠಿ, ಮೀಟಿಂಗಿನಲ್ಲಿ ಆಭಾರ ಮನ್ನಿಸುವ ಮರಾಠಿ ಚೆನ್ನಾಗಿಯೇ ಬರುತ್ತದೆ. ಆದರೆ ಚಹಾ ಬಿಸಿಯಾಗಿ ನಾಲಿಗೆ ಸುಟ್ಟಾಗ ಬರುವುದು ಕನ್ನಡವೇ. ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದು "ಅಯ್ಯೋ ಶಿವನ" ಅಂದರೆ ಮತ್ತೊಂದು ಕೊಡ. ಮಗ ಬಸವರಾಜ ಪೀಪಾಯಿಯ ಹತ್ತಿರ ನಿಂತು ನಗುತ್ತಿದ್ದ. ಅವನು ಮಗ್ಗದ ಸದ್ದಿನಲ್ಲಿ ದುಡಿದವನು, ಮನೆಯಲ್ಲಿ ಹೇಗೂ ಮಾತು ಕಡಿಮೆ.

ನಾನು ಬಿಡುವವನಲ್ಲ. ಗೋಡೆಗೆ ಕರಿಹಲಗೆ ತೂಗು ಹಾಕಿ, ದಿನಾ ಮುಂಜಾನೆ ಒಂಬತ್ತರಿಂದ ಹನ್ನೊಂದರ ತನಕ ಮರಾಠಿ ವರ್ಗ ಸುರು ಮಾಡಿದೆ. ಮೊದಲ ಪಾಠ ಲಿಂಗ. ಪಂಖಾ ಪುಲ್ಲಿಂಗ, ಖುರ್ಚಿ ಸ್ತ್ರೀಲಿಂಗ, ಟೇಬಲ್ ನಪುಂಸಕಲಿಂಗ ಎಂದು ಬರೆದೆ. ಸ್ವರಾ ಮೇಲೆ ತಿರುಗುವ ಫ್ಯಾನನ್ನೂ ಕೆಳಗಿನ ಕುರ್ಚಿಯನ್ನೂ ಬಹಳ ಹೊತ್ತು ನೋಡಿದಳು.

"ಅಜ್ಜಾ, ಹಂಗಾರ ಈ ಪಂಖಾ ಈ ಕುರ್ಚಿ ಗಂಡ ಏನ?"

"ಅದಕ್ಕ ಆಂವ ಗಾಳಿಗೆ ತಿರಗತಾನ, ಆಕಿ ಮನ್ಯಾಗ ಕುಂತಾಳ," ಎಂದ ಓಂಕಾರ.

ಇಬ್ಬರೂ ನಗುತ್ತ ತಮ್ಮ ತಮ್ಮ ತಂಬಿಗೆ ತರಲು ಓಡಿದರು. ಅವರಿಗೆ ಅದು ದಂಡವಲ್ಲ, ಆಟ. ಆ ದಿನದ ವರ್ಗ ಅಲ್ಲಿಗೇ ಮುಗಿಯಿತು.

ಓಂಕಾರನ ಕಥೆ ಬೇರೆ. ಎರಡು ವರ್ಷ ಫೋನಿನಲ್ಲಿ ಕಲಿತ ಅವನಿಗೆ ಮರಾಠಿ ತಿಳಿಯುತ್ತಿತ್ತು, ಆಡಲು ಬರುತ್ತಿದ್ದದ್ದು ಮಾತ್ರ ಒಂದೇ ವಾಕ್ಯ: "ಆವಾಜ ಯೇತ ನಾಹೀ." ಕೇಳಿಸುತ್ತಿಲ್ಲ ಎಂದರ್ಥ. ಮಗ್ಗಿ ಹೇಳು ಎಂದರೆ ಆವಾಜ ಯೇತ ನಾಹೀ. ಸ್ನಾನಕ್ಕೆ ಬಾ ಎಂದರೂ ಅದೇ. ಐದು ನಿಮಿಷಕ್ಕಿಂತ ಹೆಚ್ಚು ಒಂದು ಕಡೆ ಕೂಡುವ ರೂಢಿ ಅವನಿಗೆ ತಪ್ಪಿಹೋಗಿತ್ತು. ಪೆನ್ಸಿಲ್ ಹಿಡಿದರೆ ಎರಡು ಸಾಲಿಗೆ ಬೆರಳು ನೋಯುತ್ತಿತ್ತು. ಸವಿತಾ ಡ್ಯೂಟಿಯಿಂದ ಬಂದು ಇಬ್ಬರನ್ನೂ ಕೂಡ್ರಿಸಿಕೊಂಡು, ಬೂಟಿನ ಲಾಡಿ ಕಟ್ಟುವುದು, ಊಟದ ಡಬ್ಬಿಯ ಬಿಗಿ ಮುಚ್ಚಳ ತೆಗೆಯುವುದು, ನೀರು ಚೆಲ್ಲದಂತೆ ಬಾಟಲಿ ಮುಚ್ಚುವುದು, ಇವನ್ನೆಲ್ಲ ರೋಗಿಗೆ ನಡೆದಾಡಲು ಕಲಿಸಿದಷ್ಟು ತಾಳ್ಮೆಯಿಂದ ಕಲಿಸುತ್ತಿದ್ದಳು. ತನಗೆ ಸಿಗದೆ ಹೋದ ಎರಡು ವರ್ಷವನ್ನು ಆ ಸಂಜೆಗಳಲ್ಲಿ ತುಂಬಿಕೊಳ್ಳುತ್ತಿದ್ದಾಳೆ ಎಂದು ನನಗೆ ಅನ್ನಿಸುತ್ತಿತ್ತು. ಆದರೆ ಒಂದು ಮಾತಿಗೆ ಮಾತ್ರ ಆಕೆ ಕಾಯುತ್ತಿದ್ದಳು, ಅದು ಬರಲೇ ಇಲ್ಲ. ಸ್ವರಾ ಆಕೆಯನ್ನು ಆಯಿ ಎಂದು ಒಂದು ಸಲವೂ ಕರೆಯಲಿಲ್ಲ.

ಇತ್ತ ಗಂಗವ್ವ ಮೌನ ತಾಳಲಾರದೆ ನಾಲ್ಕನೇ ದಿನ ಒಂದು ಉಪಾಯ ಕಂಡುಕೊಂಡಳು. ಕಾಯಿದೆ ಇದ್ದದ್ದು ಮನೆಯೊಳಗೆ ಮಾತ್ರ. ಮಕ್ಕಳ ವರ್ಗ ಮುಗಿಯುತ್ತಲೇ ಸ್ವರಾಳ ಕೈ ಹಿಡಿದು ಎದುರು ಮನೆಯ ಶೇವಂತಾಬಾಯಿಯ ಕಟ್ಟೆಗೆ ಹೋಗಿ ಕೂಡತೊಡಗಿದಳು. ಶೇವಂತಾಬಾಯಿ ಮಗ್ಗಕ್ಕೆ ಬೇಕಾಗುವ ನೂಲಿನ ಉರುಳೆ ಸುತ್ತುವ ಹೆಂಗಸು. ಆಕೆಗೆ ಕನ್ನಡ ಬಾರದು, ಗಂಗವ್ವನಿಗೆ ಮರಾಠಿ ಬಾರದು. ಮಗ್ಗದ ಸದ್ದಿನಲ್ಲಿ ಇಬ್ಬರೂ ಕೂಗಿಯೇ ಮಾತಾಡಬೇಕು. ತಿಳಿಯದ್ದನ್ನು ಇನ್ನಷ್ಟು ಜೋರಾಗಿ ಹೇಳಿದರೆ ತಿಳಿಯುತ್ತದೆ ಎಂದು ಇಬ್ಬರೂ ನಂಬಿದ್ದರು.

ಒಂದು ದಿನ ಅಲ್ಲೊಂದು ಜಗಳವೇ ಆಗುವುದಿತ್ತು. ಗಂಗವ್ವ ಮೊಮ್ಮಗಳಿಗೆ, ಶೇವಂತಾಬಾಯಿಯ ಮುಂದೆ ಒಂದು ಹಾಡು ಹೇಳು ಎಂದು, "ಹಾಡ, ಹಾಡ," ಎಂದು ಒತ್ತಾಯ ಮಾಡಿದಳು. ಮರಾಠಿಯಲ್ಲಿ ನಾಯಿ ಓಡಿಸುವಾಗ ಹಾಡ್ ಎನ್ನುತ್ತಾರೆ. ಕಟ್ಟೆಯ ಕೆಳಗೆ ಮಲಗಿದ್ದ ಶೇವಂತಾಬಾಯಿಯ ನಾಯಿ ಎದ್ದು, ಬಾಲ ಮುದುರಿ ಹೊರಟುಹೋಯಿತು. ಇಷ್ಟು ಚಂದದ ಕೂಸನ್ನು ನಾಯಿಯ ಹಾಗೆ ಓಡಿಸುತ್ತೀಯಲ್ಲ ಎಂದು ಶೇವಂತಾಬಾಯಿ ಕೆಂಡವಾದಳು. ಕೊನೆಗೆ ಸ್ವರಾ ಹಾಡಿ ತೋರಿಸಿದ ಮೇಲೆ ತಿಳಿಯಾಯಿತು. ಅಂದಿನಿಂದ ಇಬ್ಬರೂ ಮುದುಕಿಯರಿಗೆ ಜೀವದ ಗೆಳೆತನ. ಸಂತೆಗೂ ಕೂಡಿಯೇ ಹೋಗುತ್ತಿದ್ದರು, ಸ್ವರಾ ನಡುವೆ.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ನಾನು ಕರಿಹಲಗೆಯ ಮುಂದೆ ಕುಳಿತು ಮರುದಿನದ ಲಿಂಗದ ಪಾಠ ತಯಾರಿಸುತ್ತಿದ್ದೆ.

ಹತ್ತನೇ ದಿನವೋ ಹನ್ನೊಂದನೆಯದೋ ಇರಬೇಕು. ಮುಂಜಾನೆ ನಳಕ್ಕೆ ನೀರು ಬಂದಿತ್ತು. ಮೊದಲ ಮಳೆಯೂ ಅಂದೇ ಸಣ್ಣಗೆ ಹನಿಯುತ್ತಿತ್ತು. ಕೆಳಗೆ ಗದ್ದಲವಾಗಿ ಇಣುಕಿ ನೋಡಿದೆ. ಸಾಲು ತಪ್ಪಿಸಿ ಮುಂದೆ ನುಗ್ಗಿದ ಒಬ್ಬ ದಪ್ಪ ಹೆಂಗಸಿನ ಎದುರು ನನ್ನ ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಓ ಮಾವಶೀ, ನಂಬರ ಲಾವಾ. ಆಮೀ ಕಾಯ ಯೇಡೀ ಹಾಯ ಕಾ?"

ಚಿಕ್ಕಮ್ಮಾ, ಸಾಲಿನಲ್ಲಿ ನಿಲ್ಲಿ, ನಾವೇನು ಹುಚ್ಚರೇ ಎಂದು ಕೇಳುತ್ತಿದ್ದಾಳೆ. ದನಿ ಎರಡು ಮಗ್ಗ ದಾಟಿ ಕೇಳುವಷ್ಟು. ಆ ಹೆಂಗಸು ಕೊಡ ಎತ್ತಿಕೊಂಡು ಹಿಂದೆ ಸರಿದಳು. ಶೇವಂತಾಬಾಯಿ ಮತ್ತು ನನ್ನ ಹೆಂಡತಿ ಪಕ್ಕದಲ್ಲೇ ನಿಂತು, ಕುಸ್ತಿ ಗೆದ್ದ ಪೈಲವಾನನ ವಸ್ತಾದಿಗಳ ಹಾಗೆ ತಲೆಯಾಡಿಸುತ್ತಿದ್ದರು. ನಾನು ಒಳಗೆ ಬಂದು ಕರಿಹಲಗೆ ಇಳಿಸಿಟ್ಟೆ. ಸಂತೋಷವೇ ಆಗಿತ್ತು. ಆದರೂ ಮೂವತ್ನಾಲ್ಕು ವರ್ಷದ ಮಾಸ್ತರಿಕೆಯನ್ನು ಒಂದು ಕಟ್ಟೆ ಸೋಲಿಸಿತಲ್ಲ ಎಂದು ಆ ದಿನ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಹಾಗಾಗಿ ಕೊಡವೂ ಹೊರಲಿಲ್ಲ.

ಶಾಲೆಯ ಹಿಂದಿನ ದಿನ ಸವಿತಾಗೆ ರಜೆ ಇತ್ತು. ಪುಸ್ತಕಕ್ಕೆಲ್ಲ ಖಾಕಿ ಕಾಗದ ಹಾಕುತ್ತ ಕುಳಿತಿದ್ದಳು. ಸ್ವರಾ ಹೊರಗಿನಿಂದ ಓಡಿ ಬಂದು, "ಅವ್ವಾ," ಎಂದು ಆಕೆಯ ಕೊರಳಿಗೆ ಜೋತುಬಿದ್ದಳು. ಒಂದು ಗಳಿಗೆ ಹಾಗೇ ಇದ್ದು, ಯಾರೂ ಹೇಳದೆಯೇ ಎದ್ದು, ತಂಬಿಗೆ ತೆಗೆದುಕೊಂಡು ಕೆಳಗಿಳಿದಳು. ನೀರು ತುಂಬಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಮೆಟ್ಟಿಲು ಹತ್ತಿ ಬಂದು ಹಂಡೆಗೆ ಸುರಿದಳು.

"ನೀರ ಯಾಕ ತಂದಿ?" ಎಂದಳು ಸವಿತಾ. ಕಾಯಿದೆ ಮಾಡಿದವಳ ಬಾಯಿಂದಲೇ ಕನ್ನಡ ಬಂದಿತ್ತು.

"ಅವ್ವ ಅಂದ್ನೆಲ್ಲ, ಅದಕ್ಕ."

"ಆಯಿ ಅಂದ್ರ ನೀರ ತರೂದ ಇರೂದಿಲ್ಲಲ್ಲ."

"ಆಯಿ ಅಲ್ಲಿ ಕುಂತಾಳ," ಎಂದು ಸ್ವರಾ ಒಳಗೆ ಅಕ್ಕಿ ಆರಿಸುತ್ತಿದ್ದ ಗಂಗವ್ವನನ್ನು ತೋರಿಸಿದಳು. "ನೀ ಅವ್ವ. ದಿನಾ ತರ್ತೇನಿ ನಾ. ಒಮ್ಮೊಮ್ಮೆ ನಾಕ ಸಲ ಆಗ್ತೈತಿ."

ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಹದಿನೈದು ದಿನ ಆ ಕೂಸು ತನ್ನ ತಾಯಿಯನ್ನು ಅವ್ವ ಎಂದು ಕರೆದು, ಕರೆದಷ್ಟು ಸಲವೂ ನೀರು ಹೊತ್ತಿತ್ತು. ಎಲ್ಲರೂ ಆಟವೆಂದು ಬಿಟ್ಟಿದ್ದೆವು. ಸವಿತಾ ಖಾಕಿ ಕಾಗದವನ್ನು ಪಕ್ಕಕ್ಕೆ ಸರಿಸಿ, ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಮುಖ ಮುಚ್ಚಿಕೊಂಡಳು. ಗಂಗವ್ವ ಮೊರ ಕೆಳಗಿಟ್ಟು ಎದ್ದು ಬಂದಳು. "ಸಾಕವಾ ಈ ಮರಾಠಿ. ನನ್ನ ಹೆಸರ ನನಗ ತಿರುಗಿ ಕೊಡ. ನಿನಗ ನಿಂದ ಐತಿ," ಎಂದಳು. ಆಮೇಲೆ ಅತ್ತೆ ಸೊಸೆ ಇಬ್ಬರೂ ಸೇರಿ, ತುಂಬಿದ ಪೀಪಾಯಿಯನ್ನು ಮರೆತು ಮನಸಾರೆ ಕನ್ನಡ ಆಡಿದರು.

ಮರುದಿನ ಶಾಲೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಒಂದೊಂದು ಮಗುವಿಗೂ ಒಂದೊಂದು ಗುಲಾಬಿ. ಓಂಕಾರ ಮೂರನೇ ಇಯತ್ತೆಯ ಕೋಣೆಗೆ ಹೋಗಿ ಕಿಟಕಿಯ ಬದಿಗೆ ಜಾಗ ಹಿಡಿದ. ಬಾಯಿಯವರು ಸ್ವರಾಳನ್ನು ಕರೆದು, ಹೇಳಿದಂತೆ ಇನ್ನೊಮ್ಮೆ ಮಾತಾಡಿಸಿದರು. ಮೂಗು ಸರಿಯಾಯಿತು. ಕಣ್ಣು ಸರಿಯಾಯಿತು. ಮುಖ್ಯಾಧ್ಯಾಪಕರು ಆ ದಿನ ಎದ್ದು ನಿಂತೇ ಇದ್ದರು. ಆಮೇಲೆ ಬಾಯಿಯವರು ಮೆಲ್ಲಗೆ ಆಯಿಯ ಹೆಸರು ಕೇಳಿದರು.

"ಕಂಚ್ಯಾ ಆಯೀಚಂ?" ಎಂದು ಸ್ವರಾ ಮಗ್ಗದ ದನಿಯಲ್ಲಿ ಕೇಳಿದಳು. "ಮರಾಠೀತಲ್ಯಾ ಕಾ ಕಾನಡೀತಲ್ಯಾ?"

ಯಾವ ಆಯಿಯದು, ಮರಾಠಿಯವಳದೋ ಕನ್ನಡದವಳದೋ. ಪಡಸಾಲೆಯಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ಬಾಯಿಯವರು ಪೆನ್ನು ಕೆಳಗಿಟ್ಟು ನಕ್ಕರು. ಬಾಲವಾಡಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಇಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡು ನಾವು ಊರಿಗೆ ಹೊರಡುವ ತಯಾರಿ ನಡೆಸಿದ್ದೆವು. ವಾರದ ಕೊನೆಗೆ ಶಾಲೆಯಿಂದ ಕರೆ ಬಂತು. ಸವಿತಾ ಡ್ಯೂಟಿಯಲ್ಲಿದ್ದಳು, ನಾನು ಹೋದೆ. ಸ್ವರಾಳ ವರ್ಗದಲ್ಲಿ ಕರ್ನಾಟಕದ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವರ ಮಕ್ಕಳು ನಾಲ್ವರಿದ್ದರು. ಅವರಿಗೂ ಮರಾಠಿಯ ಗಂಧವಿಲ್ಲ. ಮೊದಲ ಎರಡು ದಿನ ಗೋಡೆಗೆ ಆನಿ ಕಣ್ಣೀರು ಹಾಕುತ್ತ ಕುಳಿತಿದ್ದರಂತೆ. ಮೂರನೇ ದಿನದಿಂದ ಸ್ವರಾ ಎದ್ದು ಅವರ ಪಕ್ಕ ನಿಂತು, ಬಾಯಿಯವರು ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಹೇಳತೊಡಗಿದ್ದಾಳೆ. ಮಕ್ಕಳು ಈಗ ಅಳುವುದಿಲ್ಲ, ಪುಸ್ತಕ ತೆಗೆಯುತ್ತಾರೆ. ಆದರೆ ಬಾಯಿಯವರಿಗೆ ಒಂದು ಸಂಶಯ. "ನಾನು ಒಂದು ಮಾತು ಹೇಳಿದರೆ ಈಕೆ ಮೂರು ಮಾತು ಹೇಳುತ್ತಾಳೆ. ನೀವು ಕನ್ನಡ ಗುರುಜಿ ಎಂದು ಕೇಳಿದೆ. ಸ್ವಲ್ಪ ಕೂತು ಕೇಳಿ ಹೇಳುವಿರಾ?" ಎಂದರು ಮರಾಠಿಯಲ್ಲಿ.

ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕುಳಿತೆ. ಬಾಯಿಯವರು ಮರಾಠಿಯಲ್ಲಿ, ಪುಸ್ತಕ ತೆಗೆಯಿರಿ, ಮಾವಿನ ಚಿತ್ರ ನೋಡಿರಿ ಎಂದರು. ಸ್ವರಾ ಎದ್ದು, ನಾಲ್ವರ ಕಡೆ ತಿರುಗಿ, ಗಂಭೀರವಾಗಿ ಹೇಳಿದಳು:

"ಬುಕ್ಕ ತಗೀರಿ. ಮಾವಿನಹಣ್ಣ ನೋಡ್ರಿ. ಬಾಯಾರ ಇನ್ನೊಂದ ಹೇಳಾಕತ್ತಾರ. ಕಾರಹುಣ್ಣಿಮಿ ಶೇಂಗಾ ಹೋಳಿಗಿ ಯಾರ ಡಬ್ಯಾಗ ಐತಿ, ಅವ್ರು ಅರ್ಧ ಸ್ವರಾಗ ಕೊಡಬೇಕಂತ."

ಒಬ್ಬ ಹುಡುಗ ಲಗುಬಗೆಯಿಂದ ಡಬ್ಬಿ ತೆಗೆದ. ಅವನು ಆ ವಾರದ ಮೊದಲಲ್ಲಿ ಬಾಯಿಯೇ ಬಿಡದವನು ಎಂದು ಬಾಯಿಯವರೇ ಹೇಳಿದ್ದರು. ಈಗ ಹೋಳಿಗೆ ಮುರಿಯುತ್ತ, "ಚೂರ ಸಣ್ಣದ ಕೊಡ್ಲೇನ?" ಎಂದು ಕೇಳುತ್ತಿದ್ದ. ಉಳಿದ ಮೂವರು ಮಾವಿನ ಚಿತ್ರದ ಮೇಲೆ ಬೆರಳಿಟ್ಟುಕೊಂಡು ನಗುತ್ತಿದ್ದರು.

"ಗುರುಜೀ, ಬರೋಬರ ಸಾಂಗತೆ ಕಾ?" ಎಂದರು ಬಾಯಿಯವರು. ಸರಿಯಾಗಿ ಹೇಳುತ್ತಾಳೆಯೇ ಎಂದು.

ಸ್ವರಾ ನನ್ನನ್ನೇ ನೋಡುತ್ತಿದ್ದಳು. ಮೂವತ್ನಾಲ್ಕು ವರ್ಷ ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಹೇಳಿಕೊಟ್ಟವನು ನಾನು. ಸುಳ್ಳು ಹೇಳಿದವರಿಗೆ ಛಡಿಯ ರುಚಿಯನ್ನೂ ತೋರಿಸಿದವನು. ಆ ನಾಲ್ಕು ಮಕ್ಕಳನ್ನು ನೋಡಿದೆ, ಮೊಮ್ಮಗಳನ್ನು ನೋಡಿದೆ.

"ಬರೋಬರ ಸಾಂಗತೆ," ಎಂದೆ. ಒಂದಕ್ಷರ ತಪ್ಪಿಲ್ಲದ ಮರಾಠಿಯಲ್ಲಿ.

ನಡುಸುಟ್ಟಿಯ ಗಂಟೆಯಾಯಿತು. ಮಕ್ಕಳು ಹೊರಗೆ ಓಡಿದರು. ಸ್ವರಾ ಮಾತ್ರ ನನ್ನ ಬೆಂಚಿನ ಹತ್ತಿರ ಬಂದು ನಿಂತಳು. ಕೈಯಲ್ಲಿದ್ದ ಹೋಳಿಗೆಯ ಚೂರನ್ನು ಮತ್ತೆ ಎರಡು ಮಾಡಿ, ದೊಡ್ಡದನ್ನು ತಾನು ಇಟ್ಟುಕೊಂಡು, ಸಣ್ಣದನ್ನು ನನ್ನ ಅಂಗೈಯಲ್ಲಿ ಇಟ್ಟು ಓಡಿಹೋದಳು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಾನು ಅದನ್ನು ತಿಂದೆ. ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು.